ಲಗ್ನಪತ್ರಿಕೆಯ ಎರಡನೆಯ ಗೆರೆ

ಜನಸ್ಮೃತಿ ಗ್ರಂಥಾಲಯ, ಧಾರವಾಡ
26 ಮೇ 2025

ಶೈಲಶ್ರೀ ಅವರಿಗೆ,

ನಮಸ್ಕಾರ. ನಿಮ್ಮ ಹೆಸರನ್ನು ಹಾನಗಲ್ಲಿನ ನಿವೃತ್ತ ಗ್ರಂಥಪಾಲಕರೊಬ್ಬರು ಕೊಟ್ಟರು. ಚಿಕ್ಕೇರೂರಿನ ಕಡೆಯ ಪಂಚಾಯತಿ ಗ್ರಂಥಾಲಯವನ್ನು ನೋಡಿಕೊಳ್ಳುವ ಹುಡುಗಿ ಹೊತ್ತಿಗೆ ಸರಿಯಾಗಿ ಬಾಗಿಲು ತೆರೆಯುತ್ತಾಳೆ, ಹಳೆಯ ದಿನಪತ್ರಿಕೆಗಳನ್ನು ರದ್ದಿಗೆ ಹಾಕುವುದಿಲ್ಲ ಎಂದರು. ನನಗೆ ಅಷ್ಟು ಸಾಕಾಯಿತು.

ಈ ತಿಂಗಳ ಏಳರಿಂದ ಹತ್ತನೆಯ ತಾರೀಖಿನವರೆಗೆ ಗಡಿಯಲ್ಲಿ ನಡೆದ ಕದನದ ಬಗ್ಗೆ ಮುಂದೆ ಪುಸ್ತಕಗಳು ಬರುತ್ತವೆ. ಅವುಗಳಲ್ಲಿ ವಿಮಾನಗಳಿರುತ್ತವೆ, ದೊಡ್ಡವರ ಹೇಳಿಕೆಗಳಿರುತ್ತವೆ. ಆ ದಿನಗಳಲ್ಲಿ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಮನೆಗಳಲ್ಲಿ ಏನು ನಡೆಯಿತು ಎಂಬುದು ಇರುವುದಿಲ್ಲ. ಅದನ್ನು ಹೇಳುವ ಕಾಗದಗಳು ಈಗ ಜನರ ಕಿಸೆಯಲ್ಲಿ, ಗೋಡೆಯ ಗೂಡಿನಲ್ಲಿ ಇವೆ. ದೀಪಾವಳಿಗೆ ಸುಣ್ಣ ಬಳಿಯುವಾಗ ಒಲೆಗೆ ಹೋಗುತ್ತವೆ. ಅಷ್ಟರೊಳಗೆ ಕೂಡಿಸಬೇಕು. ಅಂಗಡಿಯ ಬೋರ್ಡು, ಬಸ್ ಟಿಕೆಟ್, ಗುಡಿಯ ಚೀಟಿ, ಯಾರೋ ಗೀಚಿಟ್ಟ ಫೋನ್ ನಂಬರು. ದೊಡ್ಡದೇನೂ ಬೇಡ.

ಕೊಡುವವರು ಮನಸ್ಸಿನಿಂದ ಒಪ್ಪಿ ಕೊಡಬೇಕು. ಹೆಸರು ಕಾಣಬಾರದು ಎಂದರೆ ಅದರ ಮೇಲೆ ಬಿಳಿ ಕಾಗದದ ಪಟ್ಟಿ ಅಂಟಿಸಿ. ಹರಿಯಬೇಡಿ, ಮಸಿ ಬಳಿಯಬೇಡಿ. ಪಟ್ಟಿಯನ್ನು ಇಲ್ಲಿ ಯಾರೂ ಎತ್ತಿ ನೋಡುವುದಿಲ್ಲ. ಪ್ರತಿಯೊಂದು ಕಾಗದ ಯಾರದು, ಯಾಕೆ ಹುಟ್ಟಿತು ಎಂದು ಎರಡು ಸಾಲು ಬರೆದು ಕಳಿಸಿ. ಫೋನ್ ಮಾಡಬೇಡಿ ಎಂದರೆ ಒರಟೆನಿಸಬಹುದು. ಫೋನಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ, ಪತ್ರವಾದರೆ ಕಡತದಲ್ಲಿ ಕಾಗದದ ಜೊತೆಗೇ ಉಳಿಯುತ್ತದೆ.

ಇಂತು,
ಮೃತ್ಯುಂಜಯ ಅಕ್ಕಿವಳ್ಳಿ
ಸಂಗ್ರಹ ವಿಭಾಗ


ಗ್ರಾಮ ಪಂಚಾಯತಿ ಗ್ರಂಥಾಲಯ
17 ಜೂನ್ 2025

ಮಾನ್ಯ ಮೃತ್ಯುಂಜಯ ಸರ್ ಅವರಿಗೆ,

ನಿಮ್ಮ ಕೆಲಸ ಒಪ್ಪಿಕೊಂಡಿದ್ದೇನೆ. ಗ್ರಂಥಾಲಯಕ್ಕೆ ಸೋಮವಾರ ರಜೆ. ಆ ದಿನ ಬಸ್ ಹತ್ತಿ ಒಂದೊಂದು ಊರಿಗೆ ಹೋಗಿ ಬರುತ್ತೇನೆ. ಈ ಸಲ ಮೂರು ಕಾಗದ ಕಳಿಸುತ್ತಿದ್ದೇನೆ.

ಮೊದಲನೆಯದು ರಟ್ಟೀಹಳ್ಳಿಯ ಕಿರಾಣಿ ಅಂಗಡಿಯೊಂದರ ರಟ್ಟಿನ ಬೋರ್ಡು: ‘ಎಣ್ಣಿ ಪಾಕೀಟು ಒಬ್ಬರಿಗೆ ಎರಡ’. ಮೇ ಎಂಟರಂದು ಟಿವಿ ನೋಡಿ ಜನ ಮುಗಿಬಿದ್ದಾಗ ಬರೆದದ್ದು. ಅಂಗಡಿಯವರು ನಗುತ್ತ ಕೊಟ್ಟರು. “ಯುದ್ಧ ನಾಕ ದಿನಕ್ಕ ಮುಗೀತರಿ. ಮಂದಿ ಮನಿಯಾಗ ಎಣ್ಣಿ ಇನ್ನೂ ಮುಗದಿಲ್ಲ” ಎಂದರು.

ಎರಡನೆಯದು ಕ್ಯಾಲೆಂಡರಿನ ಮೇ ತಿಂಗಳ ಹಾಳೆ. ಹಾನಗಲ್ಲ ತಾಲ್ಲೂಕಿನ ತಿಪ್ಪವ್ವ ಎಂಬವರದು. ಅವರ ಮಗ ಸೈನ್ಯದಲ್ಲಿದ್ದಾನೆ. ಅವರಿಗೆ ಬರೆಯಲು ಬಾರದು, ಮಗನ ಫೋನ್ ಬಂದ ದಿನ ತಾರೀಖಿನ ಮೇಲೆ ಕುಂಕುಮದ ಬೊಟ್ಟಿಡುತ್ತಾರೆ. ಏಳು, ಎಂಟು, ಒಂಬತ್ತು, ಹತ್ತು ಖಾಲಿ ಇವೆ. ಹನ್ನೊಂದರ ಬೊಟ್ಟು ಒತ್ತಿದ ರಭಸಕ್ಕೆ ಹನ್ನೆರಡರ ಮನೆಗೂ ಹರಿದಿದೆ. ಕೊಟ್ಟರೆ ಉಳಿದ ತಿಂಗಳಿಗೆ ಏನು ಮಾಡುತ್ತೀರಿ ಎಂದು ಕೇಳಿದೆ. “ಮೇ ಹಾಳಿ ಅಷ್ಟ ಹರಕೋ ತಂಗಿ. ಆ ತಿಂಗಳಾ ನನಗ ಮನಿಯಾಗ ಬ್ಯಾಡ” ಎಂದರು.

ಮೂರನೆಯದು ಸವಣೂರಿನಲ್ಲಿ ಮುದ್ರಣದ ಅಂಗಡಿ ನಡೆಸುವ ಅಯಾಜ್ ಅವರು ಕೊಟ್ಟ ಚೀಟಿ. ‘ಅನಿವಾರ್ಯ ಕಾರಣದಿಂದ ಲಗ್ನ ಮುಂದೂಡಲಾಗಿದೆ.’ ಆ ವಾರ ಮೂರು ಮನೆಯವರು ಇಂಥ ಚೀಟಿ ಹಾಕಿಸಿದರಂತೆ, ಮೂವರೂ ವರರು ಸೈನಿಕರು. “ಲಗ್ನ ಆಗ್ತೈತಿ ಅಂತ ಛಾಪಿಸೂದು ನಮ್ಮ ಕಸಬರಿ. ಆಗೂದಿಲ್ಲ ಅಂತ ಛಾಪಿಸಿದ್ದು ಇದ ಮೊದಲು” ಎಂದರು ಅಯಾಜ್.

ವಂದನೆಗಳು,
ಶೈಲಶ್ರೀ


ಧಾರವಾಡ
27 ಜೂನ್ 2025

ಶೈಲಶ್ರೀ ಅವರಿಗೆ,

ಮೂರೂ ತಲುಪಿದವು, ನಮೂದಾದವು. ತಿಪ್ಪವ್ವನವರ ಹಾಳೆಯನ್ನು ಮೇಜಿನ ಮೇಲೆ ಹರಡಿಕೊಂಡು ಬಹಳ ಹೊತ್ತು ಕುಳಿತಿದ್ದೆ. ಮೂವತ್ತೊಂದು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಇಷ್ಟು ಕಡಿಮೆ ಬರೆದು ಇಷ್ಟು ಹೇಳಿದ ಕಾಗದ ನೋಡಿಲ್ಲ.

ಅಯಾಜ್ ಅವರ ಚೀಟಿಯ ಬಗ್ಗೆ ಒಂದು ಮಾತು. ಬಿಡಿ ಚೀಟಿಗಿಂತ ಅದನ್ನು ಅಂಟಿಸಿದ ಲಗ್ನಪತ್ರಿಕೆಯೇ ಸಿಕ್ಕರೆ ಒಳ್ಳೆಯದು. ಆ ಮೂರು ಮನೆಗಳಲ್ಲಿ ಒಂದಾದರೂ ಕೊಟ್ಟೀತೆ, ವಿಚಾರಿಸಿ. ಪತ್ರಿಕೆಯ ಮೇಲೆ ಕೈಯಲ್ಲಿ ಬರೆದದ್ದು, ತಿದ್ದಿದ್ದು ಇದ್ದರೆ ಇನ್ನೂ ಒಳ್ಳೆಯದು.

ಮೃತ್ಯುಂಜಯ


21 ಜುಲೈ 2025

ಮಾನ್ಯ ಸರ್ ಅವರಿಗೆ,

ನೀವು ಕೇಳಿದ ಲಗ್ನಪತ್ರಿಕೆ ಇದರೊಂದಿಗೆ ಇದೆ. ವರ ಸೈನಿಕ, ಶಿಗ್ಗಾಂವಿ ತಾಲ್ಲೂಕಿನವರು. ವಧು ಹಿರೇಕೆರೂರು ತಾಲ್ಲೂಕು. ಹೆಸರುಗಳ ಮೇಲೆ ಪಟ್ಟಿ ಅಂಟಿಸಿದೆ. ಲಗ್ನ ಮೇ 11ಕ್ಕೆ ಇತ್ತು. ವರ ರಜೆಯ ಮೇಲೆ ಊರಿಗೆ ಬಂದಿದ್ದರು. ಏಳನೆಯ ತಾರೀಖು ಕರೆ ಬಂತು, ಎಂಟರ ಬೆಳಿಗ್ಗೆ ಹೋದರು.

ಕೊಟ್ಟವರು: ವಧುವಿನ ಮನೆಯವರು. ಕಾರಣ: ಯುದ್ಧ.

ಇಲ್ಲಿ ಮಳೆ ಹಿಡಿದಿದೆ. ಗೋವಿನಜೋಳ ಎದೆಮಟ್ಟ ಬಂದಿದೆ. ಓದಲು ಬರುವವರು ಕಡಿಮೆ.

ಶೈಲಶ್ರೀ


ಧಾರವಾಡ
30 ಜುಲೈ 2025

ಶೈಲಶ್ರೀ ಅವರಿಗೆ,

ಪತ್ರಿಕೆ ಬಂತು. ಈ ಸಂಗ್ರಹದಲ್ಲಿ ಇದೇ ಮುಖ್ಯವಾದೀತು. ಒಂದು ಅನುಮಾನ ಮಾತ್ರ ಉಳಿದಿದೆ.

ಮೇ 11 ಎಂಬುದನ್ನು ನೀಲಿ ಶಾಯಿಯಲ್ಲಿ, ಪಟ್ಟಿಕೋಲು ಇಟ್ಟು ನೇರವಾಗಿ ಹೊಡೆದಿದ್ದಾರೆ. ಚೀಟಿಯ ಕೆಳಗೆ ಜೂನ್ 5 ಎಂದು ಹೊಸ ತಾರೀಖು ಬರೆದಿದ್ದಾರೆ. ಆ ಜೂನ್ 5ಕ್ಕೂ ಗೆರೆ ಇದೆ. ಅದು ಕಪ್ಪು ಶಾಯಿ, ಬರಿಗೈ ಗೆರೆ. ಒತ್ತಿದ್ದಕ್ಕೆ ಕಾಗದ ಒಂದು ಕಡೆ ತೂತಾಗಿದೆ. ಪಕ್ಕದಲ್ಲಿ ‘ರದ್ದು’ ಎಂದಿದೆ. ಕದನ ಮೇ 10ರ ಸಂಜೆಯೇ ನಿಂತಿತ್ತು. ಹಾಗಿದ್ದರೆ ಜೂನ್ 5 ಯಾಕೆ ರದ್ದಾಯಿತು? ನೂರು ವರ್ಷದ ನಂತರ ಓದುವವರು ಇದನ್ನೇ ಮೊದಲು ಕೇಳುತ್ತಾರೆ.

ಮೃತ್ಯುಂಜಯ


3 ಸೆಪ್ಟೆಂಬರ್ 2025

ಮಾನ್ಯ ಸರ್ ಅವರಿಗೆ,

ಉತ್ತರ ತಡವಾಯಿತು, ಕ್ಷಮಿಸಿ. ಗ್ರಂಥಾಲಯದ ಹಂಚು ಒಡೆದು ಎರಡು ಕಪಾಟು ನೆನೆದವು. ಪುಸ್ತಕಗಳನ್ನು ಒಣಗಿಸುವುದರಲ್ಲೇ ದಿನ ಹೋದವು.

ನೀವು ಕೇಳಿದ್ದಕ್ಕೆ: ಹುಡುಗನಿಗೆ ಮತ್ತೆ ರಜೆ ಸಿಗಲಿಲ್ಲ ಎಂದು ಊರಲ್ಲಿ ಹೇಳುತ್ತಾರೆ.

ಬಂಕಾಪುರದ ಹುಚ್ಚಪ್ಪ ಎಂಬ ಹಿರಿಯರ ದಿನಚರಿಯ ಒಂದು ಪುಟ ಕಳಿಸಿದ್ದೇನೆ. ಮೇ ಎಂಟರಂದು ಅವರು ಬರೆದದ್ದು ಇಷ್ಟೇ: ‘ಕೋಟೆಯೊಳಗೆ ನವಿಲು ಕೂಗಿದವು. ಟಿವಿಯೊಳಗೆ ಸೈರನ್ ಕೂಗಿತು. ಯಾವುದು ಯಾವುದೆಂದು ಮೊಮ್ಮಗಳಿಗೆ ತಿಳಿಯಲಿಲ್ಲ, ಎರಡಕ್ಕೂ ಅತ್ತಳು.’

ಶೈಲಶ್ರೀ


ಧಾರವಾಡ
16 ಸೆಪ್ಟೆಂಬರ್ 2025

ಶೈಲಶ್ರೀ ಅವರಿಗೆ,

ಉತ್ತರ ಸಿಕ್ಕಿತು, ಅನುಮಾನ ಹೋಯಿತು. ಲಗ್ನಪತ್ರಿಕೆಯ ವಿವರಣೆಯನ್ನು ಹೀಗೆ ಬರೆದಿದ್ದೇನೆ: ‘ಯುದ್ಧವು ಎರಡು ಸಲ ತಡೆದ ಲಗ್ನ. ಮೊದಲು ವರನನ್ನು ಗಡಿಗೆ ಕರೆದರು. ನಂತರ ರಜೆ ಸಿಗಲಿಲ್ಲ.’ ಚಿಕ್ಕದಾಗಿದೆ, ಓದಿದವರ ಮನಸ್ಸಿನಲ್ಲಿ ನಿಲ್ಲುತ್ತದೆ.

ಜನವರಿಯಲ್ಲಿ ಶಿಗ್ಗಾಂವಿಯಲ್ಲಿ ಮೂರು ದಿನ ಪ್ರದರ್ಶನ ಇಡಬೇಕೆಂದಿದೆ. ಮಧ್ಯದ ಗಾಜಿನ ಪೆಟ್ಟಿಗೆಯಲ್ಲಿ ಈ ಪತ್ರಿಕೆಯೇ ಇರುತ್ತದೆ. ಸುದ್ದಿಗಾರರೊಬ್ಬರಿಗೆ ತೋರಿಸಿದೆ, ಅವರು ಈಗಲೇ ಫೋಟೋ ತೆಗೆದುಕೊಂಡು ಹೋದರು. ನೀವು ಬರಲೇಬೇಕು.

ಮೃತ್ಯುಂಜಯ


2 ಜನವರಿ 2026

ಮಾನ್ಯ ಸರ್ ಅವರಿಗೆ,

ಪ್ರದರ್ಶನದ ಆಮಂತ್ರಣ ತಲುಪಿತು. ನನಗೆ ಬರಲು ಆಗುವುದಿಲ್ಲ. ಮನೆಯಲ್ಲಿ ತಂಗಿಗೆ ವರ ನೋಡುತ್ತಿದ್ದಾರೆ, ಯಾವ ದಿನ ಯಾರು ಬರುತ್ತಾರೆ ತಿಳಿಯದು.

ಆ ಲಗ್ನಪತ್ರಿಕೆಯನ್ನು ಇಡಲೇಬೇಕೆ? ತೆಳು ಕಾಗದ, ಬೆಳಕಿಗೆ ಬಣ್ಣ ಹೋದೀತು. ಕ್ಯಾಲೆಂಡರಿನ ಹಾಳೆ ಅದಕ್ಕಿಂತ ಒಳ್ಳೆಯದು ಎಂದು ನನಗೆ ಅನಿಸುತ್ತದೆ.

ಶೈಲಶ್ರೀ


ಧಾರವಾಡ
8 ಜನವರಿ 2026

ಶೈಲಶ್ರೀ ಅವರಿಗೆ,

ಬಣ್ಣದ ಚಿಂತೆ ಬೇಡ. ಗಾಜು ವಿಶೇಷವಾದದ್ದು, ಬಿಸಿಲು ಬೀಳದ ಮೂಲೆಯಲ್ಲಿ ಇಡುತ್ತೇವೆ. ಕಾಗದದ ಬಗ್ಗೆ ಇಷ್ಟು ಕಾಳಜಿ ಮಾಡುವವರು ಸಿಕ್ಕಿದ್ದು ನಮ್ಮ ಪುಣ್ಯ.

ಮೃತ್ಯುಂಜಯ


ಧಾರವಾಡ
21 ಜನವರಿ 2026

ಶೈಲಶ್ರೀ ಅವರಿಗೆ,

ಪ್ರದರ್ಶನ ಮುಗಿಯಿತು. ಮೂರು ದಿನವೂ ಜನ ಬಂದರು.

ಒಂದು ಸಂಗತಿಯನ್ನು ನಿಮ್ಮ ಗಮನಕ್ಕೆ ತರಬೇಕು. ಲಗ್ನಪತ್ರಿಕೆಗೆ ಸಂಬಂಧಿಸಿದ ಇನ್ನೊಂದು ಕಾಗದ ಒಬ್ಬರಿಂದ ಬಂದಿದೆ. ನಾವು ಬರೆದ ವಿವರಣೆಗೂ ಅದಕ್ಕೂ ತಾಳೆಯಾಗುವುದಿಲ್ಲ. ಈ ಬಗ್ಗೆ ನಿಮಗೆ ತಿಳಿದದ್ದೇನಾದರೂ ಇದ್ದರೆ ದಯವಿಟ್ಟು ಬರೆಯಿರಿ.

ಮೃತ್ಯುಂಜಯ


28 ಜನವರಿ 2026

ಸರ್,

ಆತ ಏನು ಹೇಳಿದ? ಯಾವ ಕಾಗದ ತಂದು ಕೊಟ್ಟ? ಇಷ್ಟು ದಿನ ಸುಮ್ಮನಿದ್ದವನಿಗೆ ಈಗ ಊರ ಮುಂದೆ ನಮ್ಮ ಮನೆಯ ಮಾತು ಎತ್ತುವ ಉಮೇದು ಯಾಕೆ ಬಂತು?

ಲಗ್ನಪತ್ರಿಕೆಯನ್ನು ತಿರುಗಿ ಕಳಿಸಿ. ಕೊಡುವವರು ಮನಸ್ಸಿನಿಂದ ಒಪ್ಪಿ ಕೊಡಬೇಕು ಎಂಬುದು ನಿಮ್ಮದೇ ನಿಯಮ. ಒಪ್ಪಿಗೆ ಈಗ ಇಲ್ಲ. ನನ್ನ ಪತ್ರಗಳನ್ನೂ ಕಡತದಿಂದ ತೆಗೆಯಿರಿ. ತಂಗಿಯನ್ನು ನೋಡಲು ಹಾನಗಲ್ಲಿನವರು ಮಾರ್ಚಿನಲ್ಲಿ ಬರುವವರಿದ್ದಾರೆ. ಅವರ ಕಿವಿಗೆ ಇದು ಬಿದ್ದರೆ ಏನಾಗುತ್ತದೆ ಎಂಬುದು ನಿಮಗೆ ಗೊತ್ತಿಲ್ಲ. ನಿಮಗೆ ಕಾಗದಗಳು ಬೇಕು. ನಾವು ಇದೇ ಊರಿನಲ್ಲಿ ಇರಬೇಕು.

ಶೈಲಶ್ರೀ


ಧಾರವಾಡ
4 ಫೆಬ್ರವರಿ 2026

ಶೈಲಶ್ರೀಯವರೇ,

ಹಿಂದಿನ ಪತ್ರದಲ್ಲಿ ನಾನು ಅರ್ಧ ಹೇಳಿ ಅರ್ಧ ಬಿಟ್ಟೆ. ನೀವಾಗಿಯೇ ಹೇಳುತ್ತೀರೇನೋ ಎಂದು ಕಾದೆ. ಅದು ಸರಿಯಲ್ಲ. ನಡೆದದ್ದನ್ನು ಈಗ ಪೂರ್ತಿ ಬರೆಯುತ್ತೇನೆ.

ಎರಡನೆಯ ದಿನ ಮಧ್ಯಾಹ್ನ ಹಿರಿಯ ಹೆಣ್ಣುಮಗಳೊಬ್ಬರು ಮಗನೊಡನೆ ಬಂದರು. ಆಕೆಗೆ ಓದು ಬಾರದು. ಪತ್ರಿಕೆಯ ನೆತ್ತಿಯ ಮೇಲಿದ್ದ ಜೋಡಿ ನವಿಲು ನೋಡಿ ಗುರುತು ಹಿಡಿದರು. “ಮಾಲತೇಶಾ, ಇದು ನಮ್ಮ ಕಾರ್ಡ ಅಲ್ಲೇನು?” ಎಂದರು. ಸುತ್ತ ನಿಂತಿದ್ದ ಒಬ್ಬ ಮಾಸ್ತರರು ನಮ್ಮ ವಿವರಣೆಯನ್ನು ಓದಿ ಹೇಳಿದರು. ಆಕೆಗೆ ಹೆಮ್ಮೆಯಾಯಿತು. ಬಂದವರಿಗೆಲ್ಲ ತೋರಿಸತೊಡಗಿದರು: “ನೋಡ್ರಿ, ಯುದ್ಧದಾಗ ನನ್ನ ಮಗನ ಲಗ್ನ ಎರಡ ಸರ್ತಿ ನಿಂತೈತಿ.”

ಮಗ ಗಾಜಿನಿಂದ ಕಣ್ಣು ತೆಗೆಯದೆ ನಿಂತಿದ್ದರು.

“ಅವ್ವಾ, ಮೊದಲನೇದ್ದು ಯುದ್ಧಕ್ಕ ನಿಂತಿತು. ಎರಡನೇದ್ದು ನಿನ್ನ ಮಾತಿಗೆ ನಿಂತಿತು.”

“ನಾ ಏನ ಅಂದೆ? ಮಂದಿ ಅನ್ನೂದನ್ನ ಅಂದೆ.”

“ನೀ ಅಂದಿ. ನಾ ಸುಮ್ನ ಕುಂತೆ.”

ಸುತ್ತಲಿದ್ದವರು ಮೆಲ್ಲಗೆ ಬೇರೆ ಪೆಟ್ಟಿಗೆಗಳ ಕಡೆ ಸರಿದರು. ಆಮೇಲೆ ಮಗ ನನ್ನ ಕಡೆ ತಿರುಗಿದರು. “ಸರ್, ಆ ಬರಹ ತಗೀರಿ. ನನಗ ರಜಾ ಸಿಕ್ಕಿತ್ತು. ಜೂನ್ ಒಂದರಿಂದ ಇಪ್ಪತ್ತ ದಿನ. ಕಾಗದ ಐತಿ ನನ್ನ ಕಡೆ, ಕಳಸ್ತೇನಿ.” ಪತ್ರಿಕೆ ಕೊಟ್ಟವರು ಯಾರೆಂದು ಕೇಳಿದರು. ಹೇಳುವಂತಿಲ್ಲ ಎಂದೆ. “ಬ್ಯಾಡ ಬಿಡ್ರಿ. ನಾ ಕಾಗದ ಕೊಡಾಕತ್ತಿದ್ದು ಅವರ ಮ್ಯಾಲ ತಪ್ಪ ಹೊರಸಾಕ ಅಲ್ಲ, ಅಷ್ಟ ತಿಳಿಸ್ರಿ” ಎಂದರು. ಅವರ ರಜೆಯ ಮಂಜೂರಾತಿಯ ಪ್ರತಿ ಅಂಚೆಯಲ್ಲಿ ಬಂತು.

ಇನ್ನು ನನ್ನ ತಪ್ಪು. ‘ರದ್ದು’ ಎಂಬ ಆ ಎರಡು ಅಕ್ಷರದ ಬರಹವನ್ನು ಜುಲೈಯಲ್ಲೇ ಗುರುತಿಸಿದ್ದೆ. ನಿಮ್ಮ ಪತ್ರಗಳು ಅದೇ ಕಡತದಲ್ಲಿದ್ದವು. ‘ದ’ಕ್ಕೆ ನೀವು ಕೊಡುವ ಕೊಂಡಿ ಬೇರೆ ಯಾರೂ ಕೊಡುವುದಿಲ್ಲ. ನೀವು ಬರೆದದ್ದು ‘ಊರಲ್ಲಿ ಹೇಳುತ್ತಾರೆ’ ಎಂದು. ಆ ‘ಹೇಳುತ್ತಾರೆ’ಯನ್ನು ನಾನು ಬಿಟ್ಟುಬಿಟ್ಟೆ. ಮತ್ತೊಮ್ಮೆ ಕೇಳುವುದು ನನ್ನ ಕೆಲಸವಾಗಿತ್ತು. ಕೇಳಲಿಲ್ಲ, ಏಕೆಂದರೆ ‘ಯುದ್ಧವು ಎರಡು ಸಲ ತಡೆದ ಲಗ್ನ’ ಎಂಬ ಸಾಲು ನನಗೆ ಇಷ್ಟವಾಗಿತ್ತು. ಫೋಟೋ ತೆಗೆಯುವವರಿಗೂ ಇಷ್ಟವಾಗಿತ್ತು.

ಆ ವಿವರಣೆಯನ್ನು ಅಲ್ಲೇ, ಅವರೆದುರೇ ತೆಗೆದೆ. ಪತ್ರಿಕೆ ತಿರುಗಿ ಬೇಕೆಂದರೆ ಕಳಿಸುತ್ತೇನೆ, ನಮೂನೆ ಇದರೊಂದಿಗಿದೆ, ಒಂದು ಸಹಿ ಸಾಕು. ಇರಲಿ ಎಂದರೆ ಐವತ್ತು ವರ್ಷ ಯಾರೂ ತೆರೆಯದಂತೆ ಮುದ್ರೆ ಹಾಕಿ ಇಡಬಹುದು. ಏನೂ ಬರೆಯದಿದ್ದರೂ ನಾನು ತಪ್ಪು ತಿಳಿಯುವುದಿಲ್ಲ.

ಮೃತ್ಯುಂಜಯ


23 ಫೆಬ್ರವರಿ 2026

ಮಾನ್ಯ ಸರ್ ಅವರಿಗೆ,

ನಮೂನೆಗೆ ಸಹಿ ಹಾಕಿ ಲಕೋಟೆಯಲ್ಲಿಟ್ಟಿದ್ದೆ. ಎರಡು ವಾರ ಅದು ನನ್ನ ಮೇಜಿನ ಖಾನೆಯಲ್ಲೇ ಇತ್ತು. ಇಂದು ಹರಿದುಹಾಕಿ ಈ ಪತ್ರ ಬರೆಯುತ್ತಿದ್ದೇನೆ. ಇದನ್ನು ಕಡತದಲ್ಲಿ ಇಡಬಹುದು.

ವಧು ನಾನೇ. ನಿಮಗೆ ಗೊತ್ತಿದ್ದದ್ದೇ.

ಎಂಟನೆಯ ತಾರೀಖಿನ ಬೆಳಿಗ್ಗೆ ರೈಲಿಗೆ ಹೋಗುವ ಮೊದಲು ಮಾಲತೇಶ ಬೈಕಿನ ಮೇಲೆ ನಮ್ಮ ಮನೆಗೆ ಬಂದರು. ಅರಿಸಿನ ಅರೆದಾಗಿತ್ತು, ಚಪ್ಪರದ ಗಳ ಬಂದು ಬಿದ್ದಿದ್ದವು. ಅಪ್ಪ ಪತ್ರಿಕೆಯ ಮೇಲಿನ ತಾರೀಖನ್ನು ಅಳಿಸಲು ನೋಡಿದ. ಮಾಲತೇಶ ನನ್ನ ತಂಗಿ ಅಂಕಿತಾಳ ಕಡೆಯಿಂದ ಪಟ್ಟಿಕೋಲು ಇಸಿದುಕೊಂಡು ಪತ್ರಿಕೆಯ ಮೇಲೆ ತಾವೇ ಗೆರೆ ಹೊಡೆದರು. “ಅಳಸಬ್ಯಾಡ್ರಿ ಮಾಮಾ, ಗೆರಿ ಹೊಡೀರಿ. ಬ್ಯಾರೆ ತಾರೀಖ ಇದರ ಬಾಜೂಕ ಬರಿಯೂನು” ಎಂದರು. ಅವ್ವ ಬುತ್ತಿ ಕಟ್ಟಿಕೊಟ್ಟಳು. ಅವತ್ತು ಅವರ ಮೇಲೆ ನನಗೆ ಇದ್ದ ಗೌರವ ಯಾರ ಮೇಲೂ ಇರಲಿಲ್ಲ. ಆ ಮೂರು ದಿನ ನಾನು ಟಿವಿಯ ಮುಂದಿನಿಂದ ಏಳಲಿಲ್ಲ.

ಲಗ್ನದ ಹಿಂದಿನ ಸಂಜೆಯೇ ಕದನ ನಿಂತಿತು. ಹಿರಿಯರು ಫೋನಿನಲ್ಲಿ ಮಾತಾಡಿ ಜೂನ್ 5 ಎಂದರು. ಆ ತಾರೀಖನ್ನು ಬರೆದವಳೂ ನಾನೇ.

ಮೇ ಇಪ್ಪತ್ತಕ್ಕೆ ಮಾಲತೇಶ ಅವರ ತಾಯಿ ಫಕ್ಕೀರವ್ವ ಸೀರೆಯ ನೆಪದಲ್ಲಿ ಬಂದರು. ಪಡಸಾಲೆಯಲ್ಲಿ ಕುಳಿತು ಅವ್ವನಿಗೆ ಹೇಳಿದರು: “ತಾರೀಖ ಕೂಡಿಸಿದ್ವಿ, ಯುದ್ಧ ಬಂತು. ಹುಡುಗಿ ಕಾಲ್ಗುಣ ಹೆಂಗೈತೋ ಏನೋ ಶಾರವ್ವ. ಲಗ್ನದ ಮಟಾ ಒಪ್ಪತ್ತ ಇರ್ಲಿ. ಲೈಬ್ರರಿ ಗಿಬ್ರರಿ ಅಂತ ಹೊಸ್ತಿಲಾ ದಾಟೂದು ಬ್ಯಾಡ.” ಅವ್ವ ಹೂಂ ಎಂದಳು. ಬರೆಯಲು ನಾಚಿಕೆಯಾಗುತ್ತದೆ, ನಾನೂ ಹೂಂ ಎಂದೆ. ನಾಲ್ಕು ದಿನ ಒಂದೇ ಹೊತ್ತು ಉಂಡೆ. ಗ್ರಂಥಾಲಯದ ಬಾಗಿಲು ನಾಲ್ಕು ದಿನ ಮುಚ್ಚಿತ್ತು. ಹೊತ್ತಿಗೆ ಸರಿಯಾಗಿ ತೆರೆಯುವವಳು ಎಂದು ನೀವು ಬರೆದಿದ್ದನ್ನು ಓದಿದಾಗ ಆ ನಾಲ್ಕು ದಿನ ನೆನಪಾದವು.

ನಾಲ್ಕನೆಯ ದಿನ ಮಾಲತೇಶ ಅವರಿಗೆ ಫೋನ್ ಮಾಡಿದೆ. ಹೇಳಿದ್ದನ್ನೆಲ್ಲ ಕೇಳಿದರು.

“ಅವ್ವ ಹಿರಿಯಾಕಿ. ಹತ್ತ ದಿನದ ಮಾತು. ಸುಮ್ನ ಹೂಂ ಅನ್ನು” ಎಂದರು.

“ನಿಮಗೂ ಹಂಗ ಅನಸ್ತೈತೇನು?”

ಅವರು ಅಂದರು: “ಯಾರಿಗ್ಗೊತ್ತು.”

ಅವರನ್ನು ಕೆಟ್ಟವರೆಂದು ನಾನು ಬರೆಯಲಾರೆ. ಆ ಮೂರು ದಿನ ಅವರು ಏನು ನೋಡಿದರೋ ನನಗೆ ಹೇಳಿಲ್ಲ. ಭಯವಾಗಿರಬಹುದು, ಆ ಭಯಕ್ಕೆ ಏನಾದರೊಂದು ಹೆಸರು ಬೇಕಾಗಿರಬಹುದು. ಆ ಹೆಸರು ನನ್ನದಾಗುವುದು ನನಗೆ ಬೇಡವಾಗಿತ್ತು. ದೇಶಗಳ ಜಗಳವನ್ನು ನನ್ನ ಪಾದಕ್ಕೆ ಕಟ್ಟಿದ ಮನೆಯಲ್ಲಿ ನಾಳೆ ಎಮ್ಮೆ ಹಾಲು ಕೊಡದಿದ್ದರೂ ನಾನೇ ಕಾರಣ, ಮಳೆ ತಪ್ಪಿದರೂ ನಾನೇ ಕಾರಣ. ಫೋನ್ ಇಟ್ಟು, ಕೈಗೆ ಸಿಕ್ಕ ಪೆನ್ನಿನಿಂದ ಆ ಗೆರೆ ಎಳೆದೆ. ಆಮೇಲೆ ಅಪ್ಪನನ್ನು ಕರೆದು ತೋರಿಸಿದೆ.

ಅಪ್ಪ ಬೈಯಲಿಲ್ಲ, ಸರಿ ಎಂದೂ ಹೇಳಲಿಲ್ಲ. “ಯಾರರ ಕೇಳಿದ್ರ ಹುಡುಗಗ ರಜಾ ಸಿಗಲಿಲ್ಲ ಅಂತ ಹೇಳ್ರಿ. ಯುದ್ಧದ ಮಾತಂದ್ರ ಮಂದಿ ಮುಂದ ಕೇಳೂದಿಲ್ಲ” ಎಂದ. ಅವರ ಮನೆಯವರಿಗೂ ಅದು ಅನುಕೂಲವಾಯಿತು. ಎರಡು ಮನೆಯವರೂ ಕೂಡಿ ಒಪ್ಪಿದ ಮಾತೆಂದರೆ ಅದೊಂದೇ.

ನಿಮ್ಮ ಮೊದಲ ಪತ್ರ ಬಂದಾಗ ಮನೆಯಲ್ಲಿ ಯಾರೂ ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಸೋಮವಾರ ಬಸ್ ಹತ್ತಿ ಹೊರಗೆ ಹೋಗಲು ನನಗೊಂದು ಕಾರಣ ಸಿಕ್ಕಿತು. ಪತ್ರಿಕೆಯನ್ನು ಯಾಕೆ ಕಳಿಸಿದೆನೋ ನನಗೇ ಸರಿಯಾಗಿ ತಿಳಿಯದು. ಒಲೆಗೆ ಹಾಕಲು ಎರಡು ಸಲ ಒಯ್ದಿದ್ದೆ.

ಮುದ್ರೆ ಬೇಡ. ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ.

ಶೈಲಶ್ರೀ


ಧಾರವಾಡ
3 ಮಾರ್ಚ್ 2026

ಶೈಲಶ್ರೀಯವರೇ,

ಹೊಸ ವಿವರಣೆ: ‘ಲಗ್ನಪತ್ರಿಕೆ, 2025. ಮೊದಲ ಗೆರೆ ವರನನ್ನು ಗಡಿಗೆ ಕರೆದಾಗ ವರ ಎಳೆದದ್ದು. ಎರಡನೆಯ ಗೆರೆ ವಧು ಎಳೆದದ್ದು. ಯುದ್ಧಕ್ಕೆ ವಧುವಿನ ಕಾಲ್ಗುಣ ಕಾರಣವೆಂದು ಹೇಳಿದ್ದಕ್ಕೆ ಆಕೆ ಲಗ್ನ ಬೇಡವೆಂದಳು. ವರನಿಗೆ ರಜೆ ಸಿಕ್ಕಿತ್ತು.’ ಎಲ್ಲಿಯಾದರೂ ತಪ್ಪಿದ್ದರೆ ತಿದ್ದಿ ಕಳಿಸಿ.

ಇದನ್ನು ಈಗಲೇ ಹೊರಗೆ ಇಡುವ ಅವಸರ ನನಗಿಲ್ಲ. ನಿಮ್ಮ ತಂಗಿಯ ಲಗ್ನ ಆಗಲಿ, ವರ್ಷ ಎರಡು ವರ್ಷ ಹೋಗಲಿ. ಮುಂದೆ ಓದುವವರು ಇನ್ನೂ ಹುಟ್ಟಿಲ್ಲ, ಅವರು ಕಾಯುತ್ತಾರೆ.

ಮೃತ್ಯುಂಜಯ


29 ಮಾರ್ಚ್ 2026

ಮಾನ್ಯ ಸರ್ ಅವರಿಗೆ,

ನಿಮ್ಮ ಪತ್ರ ಬಂದದ್ದು ಸೋಮವಾರ. ಗ್ರಂಥಾಲಯ ಮುಚ್ಚಿತ್ತು, ಅಂಚೆಯವರು ಮನೆಗೆ ಕೊಟ್ಟು ಹೋದರು. ನಾನು ಸವಣೂರಿಗೆ ಹೋಗಿದ್ದೆ. ತಿರುಗಿ ಬರುವಷ್ಟರಲ್ಲಿ ಅಪ್ಪ ಒಡೆದು ಓದಿದ್ದ. ಕನ್ನಡಕ ಕೈಯಲ್ಲಿ ಹಿಡಿದು ಕಟ್ಟೆಯ ಮೇಲೆ ಕುಳಿತಿದ್ದ. “ಇದು ಎಲ್ಲಿ ಇರ್ತೈತಿ?” ಎಂದು ಕೇಳಿದ. ಧಾರವಾಡದಲ್ಲಿ ಎಂದೆ. “ಎಷ್ಟ ದಿನ ಇರ್ತೈತಿ?” ಎಂದ. ನಾವು ಯಾರೂ ಇಲ್ಲದಾಗಲೂ ಇರುತ್ತದೆ ಎಂದೆ.

ಹದಿನೈದಕ್ಕೆ ಹಾನಗಲ್ಲಿನವರು ಅಂಕಿತಾಳನ್ನು ನೋಡಲು ಬಂದರು. ಚಹಾ ಆಯಿತು, ಹುಡುಗಿ ಅವರಿಗೆ ಒಪ್ಪಿಗೆಯಾದಂತೆ ಕಂಡಿತು. ಹುಡುಗನ ದೊಡ್ಡಪ್ಪ ನನ್ನ ಕಡೆ ನೋಡಿ, “ದೊಡ್ಡಾಕಿ ಲಗ್ನ ಯುದ್ಧದಾಗ ನಿಂತಿತಂತಲ್ಲ, ಪಾಪ” ಎಂದರು. ನಾವೆಲ್ಲ ತಲೆ ಆಡಿಸುವ ಮಾತು ಅದು, ಹತ್ತು ತಿಂಗಳು ಆಡಿಸಿದ್ದೆವು.

ಅಪ್ಪ ಕಪ್ಪು ಕೆಳಗಿಟ್ಟ. “ಇಲ್ಲರಿ. ಯುದ್ಧಕ್ಕ ನಿಂತಿದ್ದು ಮೊದಲನೇ ತಾರೀಖ ಅಷ್ಟ. ಆಮ್ಯಾಲ ಹುಡುಗೀನ ಬ್ಯಾಡ ಅಂದ್ಲು. ಕಾಲ್ಗುಣದ ಮಾತ ತಗದ್ರು, ಬ್ಯಾಡ ಅಂದ್ಲು.”

“ಹಂಗಾರ ಊರಾಗ ರಜಾ ಸಿಗಲಿಲ್ಲ ಅಂತ ಅಂದ್ರಲ್ಲ?”

“ಅದು ನಾ ಹಬ್ಬಿಸಿದ ಸುಳ್ಳರಿ.”

ಅವ್ವ ಒಳಗೆ ಹೋದಳು. ಬಂದವರು ಇನ್ನೂ ಸ್ವಲ್ಪ ಹೊತ್ತು ಕುಳಿತು, ಹತ್ತಿಯ ಮಾತಾಡಿ, “ತಿಳಿಸ್ತೇವ್ರಿ” ಎಂದು ಎದ್ದರು. ಒಂಬತ್ತನೆಯ ದಿನ ಜಾತಕ ಕೂಡಲಿಲ್ಲ ಎಂದು ಸುದ್ದಿ ಬಂತು. ಜಾತಕ ಅವರು ಕೇಳಿಯೇ ಇರಲಿಲ್ಲ.

ಅಂಕಿತಾ ಮೂರು ದಿನ ನನ್ನೊಡನೆ ಮಾತಾಡಲಿಲ್ಲ. ಆಮೇಲೆ ಅಪ್ಪನ ಎದುರಿಗೇ ಹೇಳಿದಳು: “ಖರೇ ಹೇಳಿದ್ದು ತಪ್ಪಲ್ಲ. ನನ್ನ ಒಂದ ಮಾತ ಕೇಳಿ ಹೇಳಬೇಕಾಗಿತ್ತು.” ಅವಳ ಮಾತಿನಲ್ಲಿ ತಪ್ಪಿಲ್ಲ. ಅಪ್ಪ ಹೌದು ಎಂದ. ಅವಳು ಈಗ ಮಾತಾಡುತ್ತಾಳೆ, ಮೊದಲಿನಷ್ಟಲ್ಲ.

ವಿವರಣೆಯಲ್ಲಿ ತಿದ್ದುವಂಥದ್ದೇನೂ ಇಲ್ಲ. ಯಾವಾಗ ಬೇಕಾದರೂ ಇಡಿ. ಇದರೊಂದಿಗೆ ಇನ್ನೊಂದು ಹಾಳೆ ಇದೆ. ನಿನ್ನೆ ಅಪ್ಪ ಗ್ರಂಥಾಲಯಕ್ಕೆ ಬಂದ; ನಾನು ಅಲ್ಲಿ ಕೆಲಸಕ್ಕೆ ಸೇರಿ ಆರು ವರ್ಷವಾಯಿತು, ಒಳಗೆ ಬಂದದ್ದು ಇದೇ ಮೊದಲು. “ಬರಕೋ” ಎಂದ. ಆತ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿದ್ದೇನೆ. ಸಹಿ ಆತನದೇ.

ಶೈಲಶ್ರೀ


(ಜೊತೆಗಿದ್ದ ಹಾಳೆ)

ನಾನು ಉಳವಪ್ಪ, ಹುಡುಗಿ ತಂದಿ. ಜೂನ್ ಐದರ ಲಗ್ನ ನಿಂತಾಗ ಹುಡುಗಗ ರಜಾ ಸಿಗಲಿಲ್ಲ ಅಂತ ನಾನ ಹೇಳಿದೆ. ಬಸ್ ಸ್ಟ್ಯಾಂಡಿನಾಗ ಹೇಳಿದೆ, ಸಂತ್ಯಾಗ ಹೇಳಿದೆ, ಮಠದಾಗ ಸುದ್ದಾ ಹೇಳಿದೆ. ಹುಡುಗಗ ರಜಾ ಸಿಕ್ಕಿತ್ತು. ನನ್ನ ಮಗಳು ಬ್ಯಾಡ ಅಂದ್ಲು. ಆಕಿ ಬ್ಯಾಡ ಅಂದಿದ್ದು ಬರೋಬರಿ ಐತಿ ಅಂತ ನನಗ ಅವತ್ತ ಗೊತ್ತಿತ್ತು. ಗೊತ್ತಿದ್ದೂ ಹೇಳಾಕ ಧೈರ್ಯ ಆಗಲಿಲ್ಲ. ಯುದ್ಧದಾಗ ಖರೇನ ಮಂದಿ ಸತ್ತಾರ. ಅವರ ದುಃಖದ ಹಿಂದ ನಾ ಹೋಗಿ ಅಡಗಿ ಕುಂತೆ. ಇದನ್ನ ಇಟಗೋರಿ. ಮುಂದ ಯಾವತ್ತರ ಒಬ್ಬಾಕಿ ಹುಡುಗಿ ಬ್ಯಾಡ ಅಂದ್ರ, ಆಕಿ ಅಪ್ಪಗ ಓದಾಕ ಕೊಡ್ರಿ.

ಉಳವಪ್ಪ